ಹೆಸರು ಬರೆಯದ ಕಾಗದ

ನಮ್ಮ ಮನೆಯಲ್ಲಿ ಚಂದ್ರನಿಗೆ ಹೆಸರಿರಲಿಲ್ಲ. ಬೇಸಿಗೆಯ ಸಂಜೆಗಳಲ್ಲಿ ಐಗಳಿಯ ನಮ್ಮ ಮಣ್ಣಿನ ಮಾಳಿಗೆಯ ಮೇಲೆ ಚಾಪೆ ಹಾಸಿಕೊಂಡು ಕೂತಿರುತ್ತಿದ್ದೆವು. ದ್ರಾಕ್ಷಿ ತೋಟಗಳ ಆಚೆ, ದಿನದ ಧೂಳು ಇನ್ನೂ ಕೂರದ ಗಾಳಿಯಲ್ಲಿ, ಅದು ತಾಮ್ರದ ಪರಾತದ ಹಾಗೆ ಮೆಲ್ಲಗೆ ಮೇಲೆ ಬರುತ್ತಿತ್ತು. ಆಗ ಅವ್ವ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಹೇಳುತ್ತಿದ್ದಳು:

"ಮ್ಯಾಲಿನವರು ಬಂದ್ರು ನೋಡ."

ಅಪ್ಪನ ಹೆಸರು ಚಂದ್ರಪ್ಪ. ಹೆಂಡತಿಯ ಬಾಯಲ್ಲಿ ಗಂಡನ ಹೆಸರು ಬಂದರೆ ಅವನ ಆಯುಷ್ಯ ಸವೆಯುತ್ತದೆ ಎನ್ನುವುದು ನಮ್ಮ ಕಡೆ ಯಾರೂ ವಾದ ಮಾಡದ ಸಂಗತಿಯಾಗಿತ್ತು. ಹೆಸರಷ್ಟೇ ಅಲ್ಲ, ಹೆಸರಿನ ವಾಸನೆ ಹತ್ತಿದ ಮಾತೂ ಕೂಡದು. ಅಪ್ಪನ ಅವ್ವ, ಅಂದರೆ ನನ್ನ ಅಜ್ಜಿ, ಇದರಲ್ಲಿ ಇನ್ನೂ ಬಿಗಿ. ಅಜ್ಜ ಮಲ್ಲಪ್ಪ ನಾನು ಹುಟ್ಟುವ ಮೊದಲೇ ತೀರಿಹೋಗಿದ್ದರೂ ಆಕೆ ಮಲ್ಲಿಗೆಯನ್ನು ಮಲ್ಲಿಗೆ ಎನ್ನುತ್ತಿರಲಿಲ್ಲ. "ಘಮ್ಮನ್ನೂ ಬಿಳಿ ಹೂವು" ಎನ್ನುತ್ತಿದ್ದಳು. ಸತ್ತವರ ಆಯುಷ್ಯ ಇನ್ನೆಷ್ಟು ಸವೆದೀತು ಎಂದು ನಾನು ಒಮ್ಮೆ ಕೇಳಿ ಬೆನ್ನಿಗೆ ಗುದ್ದು ತಿಂದದ್ದುಂಟು. ಅವ್ವನಿಗೋ ಎರಡು ಕಡೆಯ ಕಾವಲು. ಗಂಡನ ಹೆಸರೂ ಅನ್ನುವಂತಿಲ್ಲ, ಮಾವನ ಹೆಸರೂ ಅನ್ನುವಂತಿಲ್ಲ. ಪಾಪ, ಮಲ್ಲಿಗೆಯೂ ಹೋಯಿತು, ಚಂದ್ರನೂ ಹೋದ. ಅಪ್ಪನಾದರೂ ಅವ್ವನನ್ನು ಶಕುಂತಲಾ ಎಂದು ಕರೆದದ್ದನ್ನು ನಾನು ಕೇಳಿಲ್ಲ. "ಸುಮಿ, ನಿಮ್ಮವ್ವಗ ಹೇಳ" ಎಂದು ನನ್ನ ಮೂಲಕ ಹೇಳುತ್ತಿದ್ದ, ಅವ್ವ ಎದುರಿಗೇ ನಿಂತಿದ್ದರೂ.

ಹೆಸರುಗಳಿಲ್ಲದ ಮನೆಯಲ್ಲಿ ಮಾತು ಉದ್ದವಾಗುತ್ತದೆ. ಪಡಸಾಲೆ, ಅದರ ಎಡಕ್ಕೆ ಎಮ್ಮೆಯ ಗೋದಲಿ, ಬಲಕ್ಕೆ ಹೊಗೆಯಿಂದ ಕರ್ರಗಾದ ಅಡುಗೆಮನೆ, ಹಿತ್ತಲಲ್ಲಿ ಬಾವಿ. ಇಷ್ಟು ಸಣ್ಣ ಮನೆಯೊಳಗೆ ಯಾರನ್ನೂ ನೇರ ತೋರಿಸದೆ ಸುತ್ತಿ ಸುತ್ತಿ ತೋರಿಸುತ್ತಿದ್ದರು. ಅಜ್ಜನೆಂದರೆ "ಈ ಬಾಂವಿ ತೋಡಿಸಿದವರು". ಅಪ್ಪನೆಂದರೆ ಬೆಳಿಗ್ಗೆ "ಎಮ್ಮಿ ಹಿಂಡಾಕತ್ತವರು", ಮಧ್ಯಾಹ್ನ "ಉಗಾರಕ್ಕ ಕಬ್ಬ ಹೇರಿಕೊಂಡ ಹೋದವರು", ಸಂಜೆ "ಬಂದ ಕೈಕಾಲ ತೊಳಿಯಾಕತ್ತವರು". ಒಬ್ಬನೇ ಮನುಷ್ಯ ದಿನಕ್ಕೆ ಹತ್ತು ಸಲ ಬೇರೆಯಾಗುತ್ತಿದ್ದ. ಇದನ್ನೆಲ್ಲ ಕೇಳುತ್ತ ಬೆಳೆದ ನನಗೆ ಲೋಕವೇ ಹಾಗೆ ಎನಿಸಿತ್ತು. ಒಂದು ವಸ್ತು ಇರುತ್ತದೆ, ಅದರ ಹೆಸರು ಎಲ್ಲೋ ಒಳಗೆ, ಕಾಳಿನ ಕಣಜದ ತಳದಲ್ಲಿಟ್ಟ ಬಂಗಾರದ ಹಾಗೆ ಇರುತ್ತದೆ. ಹೊರಗೆ ಓಡಾಡುವುದು ಅದರ ಸುತ್ತಲಿನ ಮಾತು ಮಾತ್ರ.

ಒಂಬತ್ತನೇ ಇಯತ್ತೆಯಲ್ಲಿ ನಮಗೆ ಇಂಗ್ಲಿಷ್ ಕಲಿಸುತ್ತಿದ್ದ ಸರ್ ಒಂದು ದಿನ ಕರಿಹಲಗೆಯ ನಡುವೆ ಗೆರೆ ಎಳೆದು ಒಂದು ಬದಿ ಮೇನ್ ಕ್ಲಾಜ್, ಇನ್ನೊಂದು ಬದಿ ಸಬಾರ್ಡಿನೇಟ್ ಕ್ಲಾಜ್ ಎಂದು ಬರೆದರು. ಮೇನ್ ಎಂದರೆ ತನ್ನ ಕಾಲ ಮೇಲೆ ತಾನು ನಿಲ್ಲುವ ಪ್ರಧಾನ ವಾಕ್ಯ, ಸಬಾರ್ಡಿನೇಟ್ ಎಂದರೆ ಇನ್ನೊಂದರ ಆಸರೆ ಬೇಕಾದ ಅಧೀನ ವಾಕ್ಯ. ವ್ಯಾಖ್ಯೆಯನ್ನು ನಾನು ಮಂತ್ರದ ಹಾಗೆ ಬಾಯಿಪಾಠ ಮಾಡಿದೆ. ಆದರೆ ಸರ್ ಒಂದು ವಾಕ್ಯ ಕೊಟ್ಟು ಇದರಲ್ಲಿ ಅಧೀನ ಯಾವುದು ತೋರಿಸು ಎಂದರೆ ಕಣ್ಣು ಮಂಜು. ಕ್ಲಾಸಿನಲ್ಲಿ ಮೊದಲನೆಯವಳು ಎಂಬ ಜಂಬ ನನಗಿತ್ತು. ಅದಕ್ಕೇ ಹೆಚ್ಚು ನಾಚಿಕೆ. ಆ ವಾರವೆಲ್ಲ ಊಟ ಸೇರಲಿಲ್ಲ.

ಅದೇ ವರ್ಷ ಅವ್ವ ಹತ್ತನೇ ಇಯತ್ತೆಯ ಪರೀಕ್ಷೆಗೆ ಮತ್ತೆ ಕೂರಲು ಮನಸ್ಸು ಮಾಡಿದಳು. ತವರು ಕೊಗನೊಳ್ಳಿಯಲ್ಲಿ ಓದುವಾಗ ಎಲ್ಲದರಲ್ಲೂ ಪಾಸಾಗಿ ಇಂಗ್ಲಿಷಿನಲ್ಲಿ ಮಾತ್ರ ಬಿದ್ದಿದ್ದಳು. ಬಿದ್ದ ಬೇಸಿಗೆಯಲ್ಲೇ ಮದುವೆ. ಈಗ ನಮ್ಮ ಓಣಿಯ ಅಂಗನವಾಡಿಯ ಬಾಯಿಯವರು, ಅಂದರೆ ಟೀಚರು, ನಿವೃತ್ತಿಯಾಗುವವರಿದ್ದರು, ಆ ಜಾಗಕ್ಕೆ ಹತ್ತನೇ ಪಾಸಾದ ಊರಿನ ಹೆಂಗಸು ಬೇಕಿತ್ತು. ಅವ್ವನಿಗೆ ಆ ಕೆಲಸ ಎಷ್ಟು ಬೇಕಾಗಿತ್ತೆಂದರೆ, ತೋಟಕ್ಕೆ ಹೋಗುವಾಗ ಸುತ್ತು ಬಳಸಿ ಅಂಗನವಾಡಿಯ ಮುಂದಿನಿಂದಲೇ ಹೋಗುತ್ತಿದ್ದಳು. ಒಳಗೆ ಮಕ್ಕಳು ಕೈಮುಗಿದು ಹಾಡುವುದನ್ನು ನಿಂತು ಕೇಳಿ ಬರುತ್ತಿದ್ದಳು. ಬೇಕಾದದ್ದು ಇಂಗ್ಲಿಷ್ ಒಂದೇ ಪತ್ರಿಕೆ, ಮೂವತ್ತೈದು ಅಂಕ. ಅರ್ಜಿಯ ಮೇಲೆ ಗಂಡನ ಹೆಸರಿನ ಜಾಗವನ್ನು ನಾನೇ ತುಂಬಿದೆ. ಅವ್ವ ಆ ಕಡೆ ಮುಖ ಮಾಡಿ ಸಹಿ ಹಾಕಿದಳು. ಕಲಿಸುವ ಹೊಣೆಯೂ ನನ್ನದೇ ಆಯಿತು. ಕುರುಡಿಯ ಕೈ ಹಿಡಿದು ಇನ್ನೊಬ್ಬ ಕುರುಡಿ ದಾರಿ ತೋರಿಸಹೊರಟ ಹಾಗಿತ್ತು, ಆದರೆ ನಾನು ಒಪ್ಪಿಕೊಳ್ಳಲಿಲ್ಲ.

ನನಗೆ ಬೆಳಕಾದದ್ದು ಒಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ. ಬಿಸಿ ರೊಟ್ಟಿ, ಝುಣಕ, ಹಸಿ ಉಳ್ಳಾಗಡ್ಡಿ. ಅವ್ವ ಒಲೆಯ ಮುಂದೆ, ಅಜ್ಜಿ ಗೋಡೆಗೆ ಒರಗಿ. ಅಪ್ಪ ಹಿಂದಿನ ದಿನ ಸಕ್ಕರೆ ಕಾರ್ಖಾನೆಗೆ ಕಬ್ಬು ಒಯ್ದವನು, ಗಾಡಿಗಳ ಸಾಲು ಉದ್ದವಿದ್ದುದರಿಂದ ಇನ್ನೂ ಬಂದಿರಲಿಲ್ಲ. ಅವ್ವ ಎರಡು ರೊಟ್ಟಿಗಳನ್ನು ಬುಟ್ಟಿಯ ತಳಕ್ಕೆ ಸರಿಸಿ ತನಗೆ ತಾನೇ ಎಂಬಂತೆ ಅಂದಳು:

"ನಿನ್ನಿ ಉಗಾರಕ್ಕ ಹೋದವರು, ಇನ್ನೂ ಬರಲಾರದವರು, ಬಂದಕೂಡ್ಲೆ ಹಸದಿರೂವರು..."

ಅಷ್ಟಕ್ಕೇ ಒಲೆಯಲ್ಲಿ ಏನೋ ಚಟಪಟ ಎಂದಿತು, ಅವ್ವ ಆ ಕಡೆ ತಿರುಗಿದಳು. ಮಾತು ಅಲ್ಲೇ ನಿಂತಿತು. ನಾನು ತುತ್ತು ಕೈಯಲ್ಲಿ ಹಿಡಿದು ಕಾಯುತ್ತಿದ್ದೆ. ಅವರಿಗೆ ಏನು? ಅವರು ಏನಾದರು? ಅಷ್ಟೆಲ್ಲ ಮಾತಾಗಿದೆ, ಆದರೆ ಏನೂ ಹೇಳಿದಂತಾಗಿಲ್ಲ. ದ್ರಾಕ್ಷಿ ಗೊಂಚಲು ಇದೆ, ಮೇಲಿನ ತಂತಿ ಇಲ್ಲ. ಅಜ್ಜಿಗೂ ತಡೆಯಲಾಗಲಿಲ್ಲ. "ಮುಂದ ಹೇಳ ಬೇ" ಎಂದಳು. "ಅವರಿಗೆ ಎರಡ ರೊಟ್ಟಿ ಇಟ್ಟೀನ್ರಿ" ಎಂದು ಅವ್ವ ಮುಗಿಸಿದಳು. ಎರಡು ರೊಟ್ಟಿ ಇಟ್ಟದ್ದು ತಂತಿ. ಉಳಿದದ್ದೆಲ್ಲ ಅದಕ್ಕೆ ತೂಗುವ ಗೊಂಚಲು. ಸರ್ ಹಲಗೆಯ ಮೇಲೆ ಬರೆದದ್ದು ನಮ್ಮ ಅಡುಗೆಮನೆಯಲ್ಲಿ ದಿನಾ ನಡೆಯುತ್ತಿತ್ತು. ಆ ಕ್ಷಣದ ಸುಖವನ್ನು ನಾನು ಇವತ್ತಿಗೂ ಮರೆತಿಲ್ಲ. ಇಂಗ್ಲಿಷ್ ಎಂಬುದು ದೂರದ ದೊಡ್ಡವರ ಮನೆಯಲ್ಲ, ನಮ್ಮ ಹಿತ್ತಲ ಬಾಗಿಲಿನಿಂದಲೂ ಅಲ್ಲಿಗೆ ಹೋಗಬಹುದು ಎನಿಸಿತು.

ಪಾಠಗಳು ಮನುಕದ ಶೆಡ್ಡಿನಲ್ಲಿ ನಡೆದವು. ತೋಟದ ಅಂಚಿನಲ್ಲಿ ಕಬ್ಬಿಣದ ಕಂಬಗಳಿಗೆ ಒಂದರ ಮೇಲೊಂದು ಜಾಳಿಗೆ ಬಿಗಿದು, ಕೊಯ್ದ ದ್ರಾಕ್ಷಿಯನ್ನು ಎಣ್ಣೆ ನೀರಿನಲ್ಲಿ ಅದ್ದಿ ಅದರ ಮೇಲೆ ಹರಡುತ್ತಿದ್ದೆವು. ಎರಡು ವಾರ ಗಾಳಿ ಆಡಿದರೆ ಹಸಿರು ಹಣ್ಣು ಜೇನುಬಣ್ಣದ ಮನುಕವಾಗುತ್ತದೆ. ಸುತ್ತ ಕಟ್ಟಿದ ಹಸಿರು ಪರದೆಯಿಂದ ಸೋಸಿ ಬರುವ ಬೆಳಕಿನಲ್ಲಿ ಎಲ್ಲವೂ ನೀರೊಳಗಿನ ಹಾಗೆ ಕಾಣುತ್ತಿತ್ತು: ಅವ್ವನ ಬಳೆ, ನನ್ನ ನೋಟ್‌ಬುಕ್ಕು, ಜಾಳಿಗೆಯ ನೆರಳು ಬಿದ್ದ ಅಕ್ಷರಗಳು. ನಾವು ಕೂತು ಮನುಕದ ತೊಟ್ಟು ಬಿಡಿಸುತ್ತ ವಾಕ್ಯಗಳ ತೊಟ್ಟೂ ಬಿಡಿಸುತ್ತಿದ್ದೆವು. ಮೇನ್, ಸಬಾರ್ಡಿನೇಟ್ ಎಂಬ ಹೆಸರು ಅವ್ವನ ನಾಲಿಗೆಗೆ ಒಗ್ಗಲಿಲ್ಲ. ಆಕೆ ಒಂದಕ್ಕೆ "ನಿಂತದ್ದು", ಇನ್ನೊಂದಕ್ಕೆ "ಜೋತಾಡೂದು" ಎಂದು ಹೆಸರಿಟ್ಟಳು. ಇಂಗ್ಲಿಷಿನಲ್ಲಿ ಆಕೆಗೆ ಇನ್ನೊಂದು ಖುಷಿ ಇತ್ತು. ಮೂನ್ ಎನ್ನಬಹುದಿತ್ತು. ಅದರಲ್ಲಿ ಅಪ್ಪನ ಹೆಸರಿನ ವಾಸನೆ ಇರಲಿಲ್ಲ. "ಮೂನ್, ಮೂನ್" ಎಂದು ಹಣ್ಣು ಹರಡುತ್ತ ಅನ್ನುತ್ತಿದ್ದಳು, ಎಷ್ಟೋ ವರ್ಷ ಬೀಗ ಹಾಕಿದ ಕೋಣೆಯ ಬಾಗಿಲು ತೆಗೆದವಳ ಹಾಗೆ.

ಅಜ್ಜಿ ಮೊದಮೊದಲು ಸಿಟ್ಟಾದಳು. ಪುಸ್ತಕ ನೋಡುತ್ತ ಅವ್ವ ಎರಡು ದಿನ ರೊಟ್ಟಿ ಸುಟ್ಟಿದ್ದಳು, ಒಂದು ದಿನ ಎಮ್ಮೆಗೆ ನೀರು ತೋರಿಸುವುದನ್ನೇ ಮರೆತಿದ್ದಳು. ಮಗಳಿಗೆ ಗಂಡು ನೋಡುವ ವಯಸ್ಸಿಗೆ ಅವ್ವ ಸಾಲಿಗೆ ಹೊಂಟಳು ಎಂದು ಓಣಿಗೆಲ್ಲ ಕೇಳುವಂತೆ ಬೈದಳು. ಅವ್ವ ಪುಸ್ತಕ ಬಿಡಲಿಲ್ಲ. ಅಜ್ಜಿ ಮೂರು ದಿನ ಮುಖ ತಿರುಗಿಸಿಕೊಂಡಿದ್ದು ನಾಲ್ಕನೆಯ ದಿನ ತಾನೇ ಶೆಡ್ಡಿಗೆ ಬಂದು ಕೂತಳು. ಏನು ಕಲಿಯುತ್ತೀರೆಂದು ಕೇಳಿ ತಿಳಿದುಕೊಂಡು, ಇಷ್ಟೇನಾ ಎಂಬಂತೆ ಮೂಗು ಮುರಿದು, ಒಂದಾದ ಮೇಲೊಂದು ವಾಕ್ಯ ಕೊಡತೊಡಗಿದಳು. ಮಳಿ ಬಂದ್ರ ಮನುಕ ಕೆಡತೈತಿ. ಬಾಂವಿ ತೋಡಿಸಿದವರು ಇದ್ದಿದ್ರ ಹಿಂಗ ಆಗ್ತಿದ್ದಿಲ್ಲ. ನಾನು ಒಂದೊಂದನ್ನೂ ಬಿಡಿಸಿ ನೋಡಿದೆ. ಪ್ರತಿ ಸಲವೂ ಜೋತಾಡುವುದು ಮೊದಲು ಬರುತ್ತಿತ್ತು, ನಿಂತದ್ದು ಕೊನೆಗೆ. ಅದನ್ನೇ ಒಂದು ಸೂತ್ರ ಮಾಡಿ, ದೊಡ್ಡ ಪಂಡಿತಳ ಗತ್ತಿನಲ್ಲಿ ಅವ್ವನಿಗೆ ಬರೆಸಿದೆ: ಮೊದಲು ಬಂದದ್ದು ಜೋತಾಡುವುದು, ಕೊನೆಗೆ ಬಂದದ್ದು ನಿಂತದ್ದು. ಅವ್ವ ಅದನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಚೌಕಟ್ಟು ಹಾಕಿ ಬರೆದುಕೊಂಡಳು.

ಪರೀಕ್ಷೆ ಅಥಣಿಯಲ್ಲಿ. ಅಪ್ಪ ಇಬ್ಬರನ್ನೂ ಮೋಟರ್‌ಸೈಕಲ್ ಮೇಲೆ ಕರೆದೊಯ್ದ. ಮೂರು ಗಂಟೆ ನಾನೂ ಅಪ್ಪನೂ ಶಾಲೆಯ ಹೊರಗಿನ ಬೇವಿನ ನೆರಳಿನಲ್ಲಿ ಕಾದೆವು. ಹೊರಗೆ ಬಂದ ಅವ್ವನ ಮುಖ ತೊಳೆದಿಟ್ಟ ತಂಬಿಗೆಯ ಹಾಗೆ ಹೊಳೆಯುತ್ತಿತ್ತು. ಮನೆಗೆ ಬಂದಕೂಡಲೇ, ಅಂಕ ಎಣಿಸಿ ನೋಡೋಣ ಎಂದು, ಬರೆದದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಮತ್ತೆ ಬರೆಸಿದೆ. ಕೊನೆಯ ಪ್ರಶ್ನೆ ಒಂದು ಕಾಗದ: ನೀನು ಅಥಣಿಯ ಶಾಲೆಯಲ್ಲಿ ಓದುವ ಚಂದ್ರು ಎಂದು ಭಾವಿಸಿ ನಿನ್ನ ತಂದೆಗೆ ಪತ್ರ ಬರೆ. ಅವ್ವ ಚೆಂದದ ಪತ್ರ ಬರೆದಿದ್ದಳು. ಬೋರ್ಡಿಂಗಿನ ಊಟ, ಓದು, ಊರಿನ ನೆನಪು, ಎಲ್ಲ ಇತ್ತು. ಕೆಳಗೆ ಹೆಸರಿನ ಜಾಗದಲ್ಲಿ ಹೆಸರಿರಲಿಲ್ಲ. "ಯುವರ್ ಲವಿಂಗ್ ಸನ್, ಹೂಸ್ ನೇಮ್ ಈಸ್ ಗಿವನ್ ಇನ್ ದಿ ಕ್ವೆಶ್ಚನ್ ಪೇಪರ್." ಯಾರ ಹೆಸರನ್ನು ಪ್ರಶ್ನೆಪತ್ರಿಕೆಯಲ್ಲಿ ಕೊಟ್ಟಿದ್ದಾರೋ ಆ ನಿಮ್ಮ ಪ್ರೀತಿಯ ಮಗ. ಬಾಯಲ್ಲಿ ಆಡದ ಹೆಸರನ್ನು ಆಕೆ ಕೈಯಲ್ಲೂ ಬರೆಯಲಿಲ್ಲ.

ನನಗೆ ಬಂದ ಸಿಟ್ಟು ಹೇಳತೀರದು. ಬರಿ ಚಂದ್ರು ಅಂತ ಬರೆದಿದ್ದರೆ ಏನು ಗಂಟು ಹೋಗುತ್ತಿತ್ತು ಎಂದು ಅಂಗಳದಲ್ಲಿ ನಿಂತು ಕೂಗಾಡಿದೆ. ಅಜ್ಜಿ ಮಾತ್ರ ಅದನ್ನು ಓದಿಸಿ, ಅರ್ಥ ಕೇಳಿದಳು. ಆಮೇಲೆ ಎದ್ದು ಹೋಗಿ ಅವ್ವನಿಗೆ ತಾನೇ ಚಹಾ ಮಾಡಿ ತಂದುಕೊಟ್ಟಳು. ನಮ್ಮ ಮನೆಯಲ್ಲಿ ಅತ್ತೆ ಸೊಸೆಗೆ ಚಹಾ ಮಾಡಿಕೊಟ್ಟದ್ದನ್ನು ನಾನು ನೋಡಿದ್ದು ಅದೇ ಮೊದಲು.

ಫಲಿತಾಂಶ ಬಂತು. ಮೂವತ್ತಮೂರು. ಎರಡು ಅಂಕ ಕಡಿಮೆ. ಅವ್ವ ಹಾಳೆಯನ್ನು ಮಡಚಿ ದೇವರ ಮಾಡದಲ್ಲಿ ಇಟ್ಟು ರೊಟ್ಟಿ ಬಡಿಯಲು ಕೂತಳು. ತಟ್ಟುವ ಸದ್ದು ಆ ದಿನ ಬಹಳ ಜೋರಾಗಿತ್ತು. ನಾನು ಸುಮ್ಮನಿರಲಿಲ್ಲ. ಅವ್ವನ ಬೆನ್ನ ಹಿಂದೆ ನಿಂತು, ಒಂದು ಹೆಸರಿನ ಸಲುವಾಗಿ ನೌಕರಿ ಕಳಕೊಂಡಿ ಎಂದೆ. ಅವ್ವ ಇನ್ನೊಂದು ಹಿಟ್ಟಿನ ಉಂಡೆ ತೆಗೆದುಕೊಂಡು ತಟ್ಟಿದಳು. ಅಂಗನವಾಡಿಗೆ ಅರ್ಜಿ ಹಾಕುವ ದಿನ ಕಳೆದುಹೋಯಿತು. ಆ ಜಾಗಕ್ಕೆ ಇನ್ನೊಂದು ಓಣಿಯ ಸೊಸೆಯೊಬ್ಬಳು ಬಂದಳು. ಅವ್ವ ತೋಟಕ್ಕೆ ಹೋಗುವಾಗ ಈಗ ನೆಟ್ಟಗಿನ ದಾರಿಯನ್ನೇ ಹಿಡಿಯುತ್ತಿದ್ದಳು. ಕೆಲವು ದಿನಗಳಾದ ಮೇಲೆ ಅಪ್ಪ ಊಟಕ್ಕೆ ಕೂತಾಗ ನನ್ನ ಕಡೆ ನೋಡಿ ನಕ್ಕು ಹೇಳಿದ:

"ನಮ್ಮಪ್ಪ ನನಗ ಬ್ಯಾರೇ ಹೆಸರ ಇಡಬೇಕಾಗಿತ್ತ ನೋಡ, ಸುಮಿ. ನನ್ನ ಹೆಸರ ನಿಮ್ಮವ್ವಗ ಅಡ್ಡ ಬಂತ."

ನಾನು ಹೌದೆಂದು ತಲೆಯಾಡಿಸಿದೆ. ಎರಡನೆಯ ಸಲ ಮಳೆಗಾಲದಲ್ಲಿ ಪರೀಕ್ಷೆ ಕಟ್ಟಿದಾಗ ಪತ್ರ ಬರೆಯಬೇಕಾದವಳು ಯಾವಳೋ ಗೀತಾ. ಅವ್ವ ಗೀತಾ ಎಂದು ದಪ್ಪಕ್ಷರದಲ್ಲಿ ಬರೆದು ಕೆಳಗೆ ಗೆರೆ ಎಳೆದು ಬಂದಳಂತೆ. ನಲವತ್ತೊಂಬತ್ತು ಅಂಕ ಬಂದವು. ಅಪ್ಪ ಅಥಣಿಯಿಂದ ತಂದ ಹಾಳೆಯನ್ನು ಹೊಸ್ತಿಲಲ್ಲಿ ನಿಂತು ಗಟ್ಟಿಯಾಗಿ ಓದಿದ. ನಂಬರು ಓದಿದ, ಅಂಕ ಓದಿದ, ಹೆಸರಿನ ಜಾಗ ಬಂದಾಗ ನಾಚಿ ಹಾಳೆಯನ್ನು ನನ್ನ ಕೈಗೆ ಕೊಟ್ಟ. ಮೂರು ವರ್ಷದ ಮೇಲೆ ತೋಟದ ವಸ್ತಿಯ ಮಕ್ಕಳಿಗೆಂದು ಹೊಸ ಅಂಗನವಾಡಿ ಆದಾಗ ಅವ್ವನಿಗೆ ಕೆಲಸ ಸಿಕ್ಕಿತು. ಆಕೆಯ ಕೈಯಲ್ಲಿ ಕಲಿತ ಕುರಿಗಾರರ, ರೈತರ ಮಕ್ಕಳು ಈಗ ದೊಡ್ಡವರಾಗಿದ್ದಾರೆ. ಆ ವಸ್ತಿಯಲ್ಲಿ ಇಂದಿಗೂ ಕೂಸುಗಳಿಗೆ ಆಕಾಶ ತೋರಿಸುವವರು ಮೂನ್ ಎಂದೇ ತೋರಿಸುತ್ತಾರೆ.

ಇನ್ನು ನನ್ನ ಕಥೆ. ಪಿಯುಸಿಗೆ ಚಿಕ್ಕೋಡಿಗೆ ಹೋದಾಗ, ಇಂಗ್ಲಿಷಿನಲ್ಲಿ ಮನುಕ ಕೆಡುತ್ತದೆ ಎಂಬುದು ಮೊದಲು ಬಂದು ಮಳೆ ಬಂದರೆ ಎಂಬುದು ಆಮೇಲೆಯೂ ಬರಬಹುದು ಎಂದು ಗೊತ್ತಾಯಿತು. ಜೋತಾಡುವುದು ಎಲ್ಲಿ ಬೇಕಾದರೂ ಜೋತಾಡಬಹುದು. ರಜೆಗೆ ಬಂದವಳು ಆ ನೋಟ್‌ಬುಕ್ಕು ತೆಗೆದು ನೋಡಿದೆ. ಮೊದಲ ಪರೀಕ್ಷೆಯಲ್ಲಿ ಅಧೀನ ವಾಕ್ಯ ಗುರುತಿಸುವ ಪ್ರಶ್ನೆಗಳು ನಾಲ್ಕು, ನಾಲ್ಕಕ್ಕೂ ಒಂದೊಂದು ಅಂಕ. ಆ ನಾಲ್ಕರಲ್ಲೂ ನಿಂತದ್ದೇ ಮೊದಲು ಬಂದಿತ್ತು, ಅವ್ವ ನನ್ನ ಸೂತ್ರ ಹಿಡಿದು ನಾಲ್ಕಕ್ಕೆ ನಾಲ್ಕೂ ಉಲ್ಟಾ ಬರೆದಿದ್ದಳು. ಹೆಸರಿಲ್ಲದ ಸಹಿಗೆ ಹೆಚ್ಚೆಂದರೆ ಅರ್ಧ ಅಂಕ ಹೋಗಿದ್ದೀತು. ಆಕೆಯನ್ನು ಬೀಳಿಸಿದವಳು ನಾನು, ಆಮೇಲೆ ಬೆನ್ನ ಹಿಂದೆ ನಿಂತು ಬೈದವಳೂ ನಾನು. ಹೇಳಿಬಿಡಬೇಕಿತ್ತು. ಹೇಳಲಿಲ್ಲ. ನೋಟ್‌ಬುಕ್ಕನ್ನು ಅಟ್ಟದ ಟ್ರಂಕಿನ ತಳಕ್ಕೆ ಸೇರಿಸಿ ಮೇಲೆ ಹಳೆಯ ಕೌದಿ ಮುಚ್ಚಿದೆ. ಮುಂದೆ ಅಥಣಿಯಲ್ಲಿ ಇಂಗ್ಲಿಷ್ ಟೀಚರಾದೆ. ಅಧೀನ ವಾಕ್ಯದ ಪಾಠ ಬಂದಾಗಲೆಲ್ಲ ಹಲಗೆಯ ಕಡೆ ತಿರುಗಿ ನಿಂತು ಬರೆಯುತ್ತಿದ್ದೆ. ಮಕ್ಕಳಿಗೆ ನನ್ನ ಮುಖ ಕಾಣುವುದು ಬೇಡವಾಗಿತ್ತು.

ಕಳೆದ ಶ್ರಾವಣದಲ್ಲಿ ಅಪ್ಪ ತೀರಿಕೊಂಡ. ಅಜ್ಜಿ ಎಷ್ಟೋ ಮೊದಲೇ ಹೋಗಿದ್ದಳು, ಮಲ್ಲಿಗೆಯನ್ನು ಕೊನೆಯವರೆಗೂ ಮಲ್ಲಿಗೆ ಎನ್ನದೆ. ಅವ್ವ ಈಗ ಅಥಣಿಯಲ್ಲಿ ನನ್ನ ಜೊತೆ ಇದ್ದಾಳೆ. ಐಗಳಿಯಿಂದ ತಂದ ಟ್ರಂಕನ್ನು ಮೊನ್ನೆ ಒಂದು ಸಂಜೆ ಇಬ್ಬರೂ ಕೂತು ತೆಗೆದೆವು. ಕೌದಿಯ ಕೆಳಗೆ ನೋಟ್‌ಬುಕ್ಕು ಸಿಕ್ಕಿತು. ಹಾಳೆಗಳಿಗೆ ಇನ್ನೂ ಮನುಕದ ಸಿಹಿ ವಾಸನೆ. ಅವ್ವ ಚೌಕಟ್ಟಿನ ಸೂತ್ರದ ಮೇಲೆ ಬೆರಳಾಡಿಸಿದಳು. ಇನ್ನು ತಡೆಯಲಾಗಲಿಲ್ಲ, ಎಲ್ಲವನ್ನೂ ಹೇಳಿಬಿಟ್ಟೆ. ಸೂತ್ರವೇ ತಪ್ಪಿತ್ತು, ನಿನ್ನ ಕೆಲಸ ಹೋದದ್ದು ನನ್ನಿಂದ, ಅಪ್ಪನ ಹೆಸರಿನಿಂದಲ್ಲ. ಹೇಳುತ್ತ ಹೇಳುತ್ತ ಅತ್ತುಬಿಟ್ಟೆ. ಈ ವಯಸ್ಸಿನಲ್ಲಿ ಅವ್ವನ ಮುಂದೆ ಹಾಗೆ ಅಳುತ್ತೇನೆಂದು ಅಂದುಕೊಂಡಿರಲಿಲ್ಲ. ಅವ್ವ ನೋಟ್‌ಬುಕ್ಕಿನಿಂದ ಕಣ್ಣು ತೆಗೆಯದೆ ಹೇಳಿದಳು:

"ನನಗ ಆವಾಗಲೇ ಗೊತ್ತಾಗಿತ್ತ. ರಿಸಲ್ಟ ಬಂದ ವಾರದಾಗ ನಿಮ್ಮ ಸರ್ ಕಡೆ ಇಬ್ರೂ ಹೋಗಿದ್ವಿ, ಕ್ವೆಶ್ಚನ್ ಪೇಪರ್ ತಗೊಂಡು. ಅವರು ತಿಳಿಸಿ ಹೇಳಿದ್ರು."

ಮತ್ತೆ ಯಾಕೆ ನನಗೆ ಹೇಳಲಿಲ್ಲ ಎಂದು ಕೇಳಿದೆ.

"ಹೇಳಿದ್ರ ನೀ ಇಂಗ್ಲಿಷ್ ಬಿಟ್ಟಬಿಡ್ತಿದ್ದಿ. ನಿನ್ನ ಸ್ವಭಾವ ನಮಗ ಗೊತ್ತಿಲ್ಲೇನ? ಬರೂ ಮುಂದ ಹಾದ್ಯಾಗ ಗಾಡಿ ನಿಂದ್ರಿಸಿ ನಿಮ್ಮಪ್ಪ ಅಂದ್ರು, ಹುಡುಗಿಗೆ ಹೇಳಬ್ಯಾಡ, ತಪ್ಪ ನನ್ನ ಹೆಸರಿನ ಮ್ಯಾಲ ಇರ್ಲಿ ಅಂತ."

ಆ ದಿನ ಊಟದಲ್ಲಿ ಅಪ್ಪ ನಕ್ಕದ್ದು, ನಾನು ಹೌದೆಂದು ತಲೆಯಾಡಿಸಿದ್ದು ನೆನಪಾಯಿತು. ಎಷ್ಟೋ ವರ್ಷ ಅಪ್ಪ ಆ ಮಾತನ್ನು ತಮಾಷೆಯಾಗಿ ಬಂದವರ ಮುಂದೆಲ್ಲ ಹೇಳಿಕೊಂಡು ನಗುತ್ತಿದ್ದ, ನಾನೂ ನಗುತ್ತಿದ್ದೆ. ಅವ್ವ ಹಾಳೆ ತಿರುವಿ ಕೊನೆಯ ಪುಟಕ್ಕೆ ಬಂದಳು. ಚಂದ್ರುವಿನ ಪತ್ರ. ಒಂದು ಸಲ ಪೂರ್ತಿ ಓದಿದಳು. ಆಮೇಲೆ ಪೆನ್ನು ಕೊಡು ಎಂದು ಕೈ ಚಾಚಿದಳು. ಕೊಟ್ಟೆ.

"ಇಷ್ಟ ದಿನಾ ತಪ್ಪ ಅವರ ಹೆಸರಿನ ಮ್ಯಾಲ ಇತ್ತು" ಎಂದಳು. "ಇನ್ನ ಸಾಕ."

ಪ್ರಶ್ನೆಪತ್ರಿಕೆಯಲ್ಲಿ ಕೊಟ್ಟಿದ್ದಾರೆ ಎಂಬ ಆ ಸಾಲಿನ ಮೇಲೆ ನೆಟ್ಟಗೊಂದು ಗೆರೆ ಎಳೆದಳು. ಕೆಳಗೆ, ಇಷ್ಟು ವರ್ಷ ಖಾಲಿ ಉಳಿದಿದ್ದ ಜಾಗದಲ್ಲಿ, ಅಂಗನವಾಡಿಯ ಹಲಗೆಯ ಮೇಲೆ ಬರೆಯುತ್ತಿದ್ದ ಅದೇ ದುಂಡು ಕನ್ನಡ ಅಕ್ಷರಗಳಲ್ಲಿ, ಚಂದ್ರು ಎಂದಲ್ಲ, ಚಂದ್ರಪ್ಪ ಎಂದು ಬರೆದಳು. ಬರೆದು, ಮಕ್ಕಳಿಗೆ ಓದಿಸುವಾಗ ಮಾಡುವ ಹಾಗೆ ಒಂದೊಂದು ಅಕ್ಷರದ ಕೆಳಗೂ ಬೆರಳಿಟ್ಟು, ಮೆಲ್ಲಗೆ, ನನ್ನೆದುರು ಮೊದಲ ಸಲ, ಓದಿದಳು.